ಬಿಸಿಲೂರಿನ ಬದುಕು ಅಗ್ಗವೇ? ವಿಜಯಪುರದ ಹಳೆಯ ಲೆಕ್ಕಪತ್ರ

ಬೆಂಗಳೂರಿನಲ್ಲಿ ಮನೆ ಬಾಡಿಗೆ ಏರಿದಾಗೆಲ್ಲ ನಮಗೆ ಫೋನ್ ಬರುತ್ತದೆ. ನಮ್ಮ ಜೊತೆ ಓದಿದವರು, ಅವರ ಅಣ್ಣತಮ್ಮಂದಿರು, ನಿವೃತ್ತಿ ಹತ್ತಿರ ಬಂದ ನೌಕರರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ: "ವಿಜಯಪುರದಾಗ ಮನಿ ಮಾಡಿದ್ರ ಹ್ಯಾಂಗ?" ಅಲ್ಲಿ ಒಂದು ಕೋಣೆಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಅಂಗಳವಿರುವ ಮನೆ ಸಿಗುತ್ತದೆ ಎಂಬುದು ಅವರಿಗೂ ಗೊತ್ತು. ಜೋಳ, ಬೇಳೆ, ಕಾಯಿಪಲ್ಲೆ ಸುತ್ತಲಿನ ಹಳ್ಳಿಗಳಿಂದಲೇ ಬರುತ್ತವೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಅರ್ಧ ದಿನ ಬೇಕಾಗಿಲ್ಲ. ಇಷ್ಟೆಲ್ಲ ಹೇಳಿದ ಮೇಲೆ ಅವರೇ ಕೊನೆಗೆ ಸೇರಿಸುತ್ತಾರೆ: "ಆದ್ರ ಬಿಸಲು?"

ಒಂದು ಕಡೆ ಅಗ್ಗ, ಇನ್ನೊಂದು ಕಡೆ ಬಿಸಿಲು. ತಕ್ಕಡಿಯಲ್ಲಿ ಇವೆರಡನ್ನೇ ಇಟ್ಟು ತೂಗುವುದು ರೂಢಿ. ಈ ಊರಿನ ಚರಿತ್ರೆ ಓದಿದರೆ ತೂಗಬೇಕಾದದ್ದು ಇವೆರಡನ್ನೇ ಅಲ್ಲ ಎನ್ನಿಸುತ್ತದೆ. ಇಲ್ಲಿ ಜನ ತುಂಬಿದ್ದೂ ಆಗಿದೆ, ಊರು ಬರಿದಾದದ್ದೂ ಆಗಿದೆ, ಮತ್ತೆ ತುಂಬಿದ್ದೂ ಆಗಿದೆ. ಬಿಸಿಲು ಮಾತ್ರ ಎಲ್ಲ ಕಾಲದಲ್ಲೂ ಇತ್ತು. ಹಾಗಾದರೆ ಜನರನ್ನು ಕರೆತಂದದ್ದು ಯಾವುದು, ಓಡಿಸಿದ್ದು ಯಾವುದು?

ಬಿಸಿಲು ಲೆಕ್ಕಿಸದೆ ಬಂದವರು

ಕೃಷ್ಣೆ ದಕ್ಷಿಣಕ್ಕೆ, ಭೀಮೆ ಉತ್ತರಕ್ಕೆ, ನಡುವೆ ಡೋಣಿ. ಈ ಮೂರರಲ್ಲಿ ಒಂದೂ ವಿಜಯಪುರ ಊರಿನ ಪಕ್ಕ ಹರಿಯುವುದಿಲ್ಲ. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದೂ ನಂಬುವಂಥದ್ದಲ್ಲ. ನೆಲದಡಿ ಕಪ್ಪು ಬಂಡೆ. ರಾಜಧಾನಿ ಕಟ್ಟಲು ಯಾರಾದರೂ ಇಂಥ ಜಾಗ ಆರಿಸುತ್ತಾರೆಯೇ?

15ನೇ ಶತಮಾನದ ಕೊನೆಯಲ್ಲಿ ಬಹಮನಿ ರಾಜ್ಯ ಒಡೆದಾಗ ಯೂಸುಫ್ ಆದಿಲ್ ಖಾನ್ ಇಲ್ಲೇ ತನ್ನ ಆಳ್ವಿಕೆ ಗಟ್ಟಿ ಮಾಡಿಕೊಂಡ. ಅಲ್ಲಿಂದ 1686ರವರೆಗೆ ಸುಮಾರು 200 ವರ್ಷ ಆದಿಲ್‌ಶಾಹಿಗಳ ರಾಜಧಾನಿ ಇದೇ. ಈ ಅವಧಿಯಲ್ಲಿ ಇಲ್ಲಿಗೆ ಬಂದವರ ಪಟ್ಟಿ ದೊಡ್ಡದು. ಇತಿಹಾಸಕಾರ ಫಿರಿಶ್ತಾ ಅಹ್ಮದ್‌ನಗರ ಬಿಟ್ಟು 1589ರಲ್ಲಿ ಇಲ್ಲಿಗೆ ಬಂದು, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ತನ್ನ ದೊಡ್ಡ ಗ್ರಂಥ ಬರೆದ. ಕವಿ ಜುಹೂರಿ ಇರಾನಿನವನು. ಆಫ್ರಿಕಾದಿಂದ ಬಂದ ಹಬ್ಶಿಗಳು ಇಲ್ಲಿ ಸರದಾರರಾಗಿ, ಮಂತ್ರಿಗಳಾಗಿ ರಾಜ್ಯವನ್ನೇ ನಡೆಸಿದರು. ಕುಶಲಕರ್ಮಿಗಳು, ವ್ಯಾಪಾರಿಗಳು, ಸಿಪಾಯಿಗಳು ಬಂದು ನೆಲೆಸಿದರು.

ಇವರು ಬಂದದ್ದು ಊರು ಅಗ್ಗವೆಂದಲ್ಲ. ದರಬಾರು ಕೈತುಂಬ ಕೊಡುತ್ತಿತ್ತು, ಅದಕ್ಕೆ ಬಂದರು. ಬಂದವರು ಬಿಸಿಲಿನಲ್ಲಿ ಉಳಿಯುವಂತೆ ಊರನ್ನು ಕಟ್ಟಲಾಗಿತ್ತು. ಅಕ್ಬರನ ರಾಯಭಾರಿಯಾಗಿ 17ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಿದ್ದ ಅಸದ್ ಬೇಗ್ ಇಲ್ಲಿನ ಪೇಟೆಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಇಲ್ಲಿಂದ ತಂಬಾಕು ಒಯ್ದು ಅಕ್ಬರನಿಗೆ ತೋರಿಸಿದವನೂ ಇವನೇ. ಅಗಲವಾದ ಬೀದಿ, ಸ್ವಚ್ಛ ಅಂಗಡಿಗಳು, ಒಂದೊಂದು ಅಂಗಡಿಯ ಮುಂದೆಯೂ ಒಂದೊಂದು ಹಸಿರು ಮರ ಇತ್ತು ಎನ್ನುತ್ತಾನೆ. ಇವತ್ತು ನಮ್ಮ ಪೇಟೆಯಲ್ಲಿ ಮಧ್ಯಾಹ್ನ ನಡೆದವರಿಗೆ ಆ ಮರಗಳ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಖರ್ಚು

ಊರಿಗೆ ಬಂದ ಪ್ರವಾಸಿಗಳು ಗೋಳಗುಮ್ಮಟ ನೋಡಿ, ಇಬ್ರಾಹಿಂ ರೋಜಾ ನೋಡಿ ಹೋಗುತ್ತಾರೆ. ಈ ಊರನ್ನು ಬದುಕಿಸಿದ ಕಟ್ಟಡಗಳು ಬೇರೆಯೇ ಇವೆ, ಹೆಚ್ಚಿನವು ನೆಲದ ಕೆಳಗಿವೆ.

1565ರ ಯುದ್ಧದ ನಂತರ, ವಿಜಯನಗರದ ಸೋಲಿನಿಂದ ಬಂದ ಸಂಪತ್ತಿನಲ್ಲಿ ಒಂದನೇ ಅಲಿ ಆದಿಲ್‌ಶಾಹ ಊರ ಸುತ್ತ ಕೋಟೆ ಗೋಡೆ ಎಬ್ಬಿಸಿದ. ಅವನ ಕಾಲದಲ್ಲೇ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಊರಿಗೆ ನೀರು ತರುವ ಕೆಲಸವಾಯಿತು. ಇರಾನಿನ ಕಡೆಯ ಈ ವಿದ್ಯೆಗೆ ಕರೇಜ್ ಎನ್ನುತ್ತಾರೆ. ಅಂತರ್ಜಲ ಇರುವ ಎತ್ತರದ ಜಾಗದಲ್ಲಿ ಬಾವಿ ತೋಡಿ, ಅಲ್ಲಿಂದ ಸ್ವಲ್ಪವೇ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿಗೂ ಹೂಳು ತೆಗೆಯಲೂ ಬಾವಿಯಂಥ ತೂತುಗಳನ್ನು ಬಿಡುತ್ತಾರೆ. ನೀರು ತಾನೇ ಹರಿದು ಬರುತ್ತದೆ. ಮೇಲೆ ಎಷ್ಟೇ ಬಿಸಿಲಿರಲಿ, ಸುರಂಗದೊಳಗಿನ ನೀರು ಆವಿಯಾಗಿ ಹೋಗುವುದಿಲ್ಲ.

1579ರ ಚಾಂದ್ ಬಾವಡಿ, 1620ರ ಸುಮಾರಿನ ತಾಜ್ ಬಾವಡಿ, 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಊರ ದಕ್ಷಿಣಕ್ಕೆ ಕಟ್ಟಿಸಿದ ಬೇಗಂ ತಾಲಾಬ್, ಇವೆಲ್ಲ ಅದೇ ಸಾಲಿನವು. ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ, ಅವುಗಳ ಸುತ್ತ ಗಾರೆ-ಕಲ್ಲಿನ ಕವಚ ಕಟ್ಟಿ, ನೀರು ತಂದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ದಾರಿಯುದ್ದಕ್ಕೂ ಎತ್ತರದ ಗೋಪುರಗಳನ್ನು ಕಟ್ಟಿದರು. ಗಂಜ್ ಎಂದು ಕರೆಯುವ ಈ ಗೋಪುರಗಳಲ್ಲಿ ಕೆಲವು ಇಂದಿಗೂ ಓಣಿಗಳ ನಡುವೆ ನಿಂತಿವೆ. ಪಕ್ಕದಲ್ಲೇ ವಾಸವಿರುವ ಎಷ್ಟೋ ಮಂದಿಗೆ ಅದು ಕೋಟೆಯ ಬುರುಜಿನ ತುಂಡು ಎಂಬ ಅಭಿಪ್ರಾಯವಿದೆ.

ಇದರ ಖರ್ಚು ಎಲ್ಲಿಂದ ಬಂತು? ಖಜಾನೆಯಿಂದ. ಖಜಾನೆಗೆ ಬಂದದ್ದು ಯುದ್ಧದ ಲೂಟಿಯಿಂದ ಮತ್ತು ರೈತರ ಕಂದಾಯದಿಂದ. ಊರೊಳಗಿನವರ ತಂಪಿನ ಬೆಲೆಯನ್ನು ಹೊರಗಿನ ಹಳ್ಳಿಗಳು ಕೊಟ್ಟವು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಇದು ಮತ್ತೆ ಬರುತ್ತದೆ.

ಊರು ಬರಿದಾದದ್ದು

1685ರಲ್ಲಿ ಮೊಘಲ್ ಸೈನ್ಯ ಮುತ್ತಿಗೆ ಹಾಕಿತು. 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್‌ಶಾಹ ಔರಂಗಜೇಬನಿಗೆ ಶರಣಾದ. ಎರಡು-ಮೂರು ವರ್ಷಗಳಲ್ಲೇ ಪ್ಲೇಗ್ ಬಂತು, ಔರಂಗಜೇಬನ ಹೆಂಡತಿಯೊಬ್ಬಳೂ ಅದಕ್ಕೆ ಬಲಿಯಾದಳು.

ದರಬಾರು ಹೋಯಿತು, ಅದರೊಂದಿಗೆ ಸಂಬಳವೂ ಹೋಯಿತು. ನೀರಿನ ಸುರಂಗದ ಹೂಳು ತೆಗೆಸುವ ಧಣಿ ಇಲ್ಲದಾದ. ನಿಜಾಮರು, 1760ರ ನಂತರ ಪೇಶ್ವೆಗಳು, 1818ರ ನಂತರ ಸಾತಾರದ ರಾಜರು, 1848ರಲ್ಲಿ ಇಂಗ್ಲಿಷರು ಹೀಗೆ ಒಡೆಯರು ಬದಲಾಗುತ್ತಾ ಹೋದರು. ಅವರಲ್ಲಿ ಯಾರಿಗೂ ಇದು ರಾಜಧಾನಿಯಾಗಿರಲಿಲ್ಲ. ಆ ದಿನಗಳಲ್ಲಿ ವಿಜಯಪುರಕ್ಕಿಂತ ಅಗ್ಗದ ದೊಡ್ಡ ಊರು ದಖ್ಖನ್ನಿನಲ್ಲಿ ಇನ್ನೊಂದು ಇದ್ದಿರಲಾರದು. ಅರಮನೆಗಳೇ ಖಾಲಿ ಬಿದ್ದಿದ್ದವು, ಕೇಳುವವರಿರಲಿಲ್ಲ. ಆದರೂ ಜನ ಬರಲಿಲ್ಲ. ಬರೀ ಅಗ್ಗವೆಂಬ ಕಾರಣಕ್ಕೆ ಊರು ತುಂಬುವುದಿಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಲೆಕ್ಟರ್ ಸಾಹೇಬರ ಉಳಿತಾಯ

ಆ ಅಗ್ಗವನ್ನು ಕೊನೆಗೂ ಲೆಕ್ಕ ಹಾಕಿ ಬಳಸಿಕೊಂಡವರು ಬ್ರಿಟಿಷರು. ಆಗ ಜಿಲ್ಲೆಯ ಕೇಂದ್ರ ಘಟಪ್ರಭೆಯ ದಂಡೆಯ ಕಲಾದಗಿ. 1876-78ರ ಬರದಲ್ಲಿ ಈ ಸೀಮೆ ಅರ್ಧ ಜೀವವಾಗಿತ್ತು. ಆಮೇಲೆ ಹೊಟಗಿಯಿಂದ ಗದಗಿನ ಕಡೆಗೆ ರೈಲು ಹಳಿ ಬಿತ್ತು, 1884ರ ಹೊತ್ತಿಗೆ ಅದು ಬಿಜಾಪುರದ ಮೂಲಕ ಹಾದುಹೋಗುತ್ತಿತ್ತು. 1885ರಲ್ಲಿ ಜಿಲ್ಲಾ ಕೇಂದ್ರವೇ ಕಲಾದಗಿಯಿಂದ ಇಲ್ಲಿಗೆ ಬಂತು.

ರೈಲು ಒಂದು ಕಾರಣವಾದರೆ, ಕಟ್ಟಡಗಳು ಇನ್ನೊಂದು. ದಪ್ಪ ಗೋಡೆ, ಎತ್ತರದ ಛಾವಣಿಯ ಹಳೆಯ ಮಹಲುಗಳು ತಯಾರಾಗಿ ನಿಂತಿದ್ದವು. ಅವನ್ನೇ ರಿಪೇರಿ ಮಾಡಿ ಕಚೇರಿ, ಸಾಹೇಬರ ಬಂಗಲೆ ಮಾಡಿಕೊಂಡರು. ಮಸೀದಿಯೊಂದರಲ್ಲಿ ಅಂಚೆ ಕಚೇರಿ, ಇನ್ನೊಂದರಲ್ಲಿ ಪ್ರವಾಸಿ ಬಂಗಲೆ ನಡೆಯುತ್ತಿತ್ತು. 1900ರಲ್ಲಿ ಇಲ್ಲಿಗೆ ಬಂದ ವೈಸರಾಯ್ ಕರ್ಜನ್‌ಗೆ ಇದು ಸರಿ ಕಾಣಲಿಲ್ಲ, ಅವನ್ನು ಖಾಲಿ ಮಾಡಿಸಿದ. 1901ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಸುಮಾರು 24 ಸಾವಿರ.

ಗಮನಿಸಬೇಕಾದದ್ದು ಇಷ್ಟು: ಗೋಡೆಗಳು ಪುಕ್ಕಟೆ ಸಿಕ್ಕವು, ನೀರು ಪುಕ್ಕಟೆ ಸಿಗಲಿಲ್ಲ. ಹಳೆಯ ಸುರಂಗಗಳು ಹೂತುಹೋಗಿದ್ದವು. ಊರು ಮತ್ತೆ ಬೆಳೆಯತೊಡಗಿದ ಮೇಲೆ 20ನೇ ಶತಮಾನದ ಆರಂಭದಲ್ಲಿ ಭೂತನಾಳ ಕೆರೆ ಕಟ್ಟಲೇಬೇಕಾಯಿತು.

ಈಗ ಬಿಲ್ಲು ಯಾರ ಹೆಸರಿಗೆ?

2011ರ ಜನಗಣತಿಯಲ್ಲಿ ನಗರದ ಜನ ಮೂರೂಕಾಲು ಲಕ್ಷ ದಾಟಿದ್ದರು. ಭೂತನಾಳ ಇಷ್ಟು ಮಂದಿಗೆ ಸಾಲದು. ಈಗ ಊರಿಗೆ ದೊಡ್ಡ ಆಸರೆ ಕೊಲ್ಹಾರದ ಹತ್ತಿರ ಎತ್ತಿ ತರುವ ಕೃಷ್ಣೆಯ ನೀರು, ಅಂದರೆ ಆಲಮಟ್ಟಿ ಹಿನ್ನೀರು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆ ಅಣೆಕಟ್ಟು ಮುಗಿಯಲು 40 ವರ್ಷ ಹಿಡಿಯಿತು. ಅದಕ್ಕಾಗಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದವು, ಹಳ್ಳಿಗಳು ಮುಳುಗಿದವು, ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರವೂ ಜಾಗ ಬಿಟ್ಟು ಏಳಬೇಕಾಯಿತು. ವಿಜಯಪುರದಲ್ಲಿ ನಲ್ಲಿ ತಿರುವಿದಾಗ ಬರುವುದು ಅವರ ಹೊಲಮನೆಗಳ ಮೇಲೆ ನಿಂತ ನೀರು. ಆದಿಲ್‌ಶಾಹಿ ಕಾಲದಂತೆ ಈಗಲೂ ಊರಿನ ತಂಪಿಗೆ ಬೆಲೆ ಕೊಟ್ಟವರು ಹಳ್ಳಿಯವರೇ.

ಬಿಸಿಲಿನ ಲೆಕ್ಕವೂ ಎಲ್ಲರಿಗೂ ಒಂದೇ ಅಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜೊತೆ ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳಿಗೂ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ. ಒಳ್ಳೆಯ ಪದ್ಧತಿ. ಆದರೆ ಎಪಿಎಂಸಿಯ ಹಮಾಲರಿಗೆ, ಸ್ಲ್ಯಾಬ್ ಹಾಕುವ ಗೌಂಡಿಗಳಿಗೆ, ತಲೆ ಮೇಲೆ ಬುಟ್ಟಿ ಹೊತ್ತು ಕಾಯಿಪಲ್ಲೆ ಮಾರುವ ಅವ್ವಂದಿರಿಗೆ ಯಾವ ಆದೇಶವೂ ಅನ್ವಯಿಸುವುದಿಲ್ಲ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ದಪ್ಪ ಗೋಡೆಗಳು ಮಧ್ಯಾಹ್ನದ ಕಾವನ್ನು ಹೊರಗೇ ತಡೆಯುತ್ತಿದ್ದವು. ಈಗಿನ ಸಿಮೆಂಟ್ ಸ್ಲ್ಯಾಬ್ ರಾತ್ರಿ ಹನ್ನೊಂದಕ್ಕೂ ಕಾವು ಬಿಡುತ್ತಿರುತ್ತದೆ. ಬಾಡಿಗೆಯಲ್ಲಿ ಉಳಿದ ದುಡ್ಡಿನಲ್ಲಿ ಒಂದಿಷ್ಟು ಕರೆಂಟ್ ಬಿಲ್ಲಿಗೆ, ಇನ್ನೊಂದಿಷ್ಟು ಬೇಸಿಗೆಯ ಟ್ಯಾಂಕರಿಗೆ ಹೋಗುತ್ತದೆ.

ಇನ್ನು ಸಂಬಳ. ಅಗ್ಗದ ಊರಿನಲ್ಲಿ ಕೂಲಿಯೂ ಅಗ್ಗ. ಪಿಂಚಣಿ ಇರುವವರಿಗೆ, ಮನೆಯಲ್ಲೇ ಕೂತು ಬೆಂಗಳೂರು ಕಂಪನಿಯ ಕೆಲಸ ಮಾಡುವವರಿಗೆ, ಸರ್ಕಾರಿ ನೌಕರರಿಗೆ ವಿಜಯಪುರ ನಿಜಕ್ಕೂ ಅಗ್ಗ, ಏಕೆಂದರೆ ಅವರ ಗಳಿಕೆಯನ್ನು ನಿರ್ಧರಿಸುವುದು ಈ ಊರಿನ ಪೇಟೆಯಲ್ಲ. ಇಲ್ಲೇ ದುಡಿದು ಇಲ್ಲೇ ಉಣ್ಣಬೇಕಾದವರಿಗೆ ಅದು ಅಗ್ಗವಾಗಿದ್ದರೆ, ನಮ್ಮ ತಾಲ್ಲೂಕುಗಳ ಜನ ಗಂಟುಮೂಟೆ ಕಟ್ಟಿ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಯಾಕೆ ಹೋಗುತ್ತಾರೆ? ಊರು ಅಗ್ಗವೆಂದು ಬರುವವರು ಇಳಿಯುವ ಬಸ್‌ಸ್ಟ್ಯಾಂಡಿನಲ್ಲೇ ಅವರು ಬಸ್ ಹತ್ತುತ್ತಾರೆ.

ಹಾಗೆಂದು ಬರಬೇಡಿ ಎನ್ನುವುದು ನಮ್ಮ ಮಾತಲ್ಲ. ಬನ್ನಿ. ಒಣ ಬಿಸಿಲು, ನೆರಳಿಗೆ ಹೋದರೆ ತಂಪು. ಮಳೆಗಾಲದ ಸಂಜೆ ಗಾಳಿ, ಚಳಿಗಾಲದ ಬೆಳಗು ಬೇರೆ ಊರಲ್ಲಿ ಸಿಗುವಂಥದ್ದಲ್ಲ. ಮಾತಾಡಿಸುವ ನೆರೆಹೊರೆ ಇದೆ. ಆದರೆ ಮನೆ ನೋಡಲು ಡಿಸೆಂಬರಿನಲ್ಲಿ ಬರಬೇಡಿ, ಮೇ ತಿಂಗಳಲ್ಲಿ ಬನ್ನಿ. ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ಪಕ್ಕದ ಮನೆಯ ಅಕ್ಕನನ್ನು ಕೇಳಿ. ಬೀದಿಯಲ್ಲಿ ಮರ ಇದೆಯೇ ನೋಡಿ.

ಬಂದು ನೆಲೆಸಿದ ಮೇಲೆ ಇನ್ನೊಂದು ಕೆಲಸವೂ ನಿಮ್ಮದಾಗುತ್ತದೆ. ಕಾಡಿನ ಪಾಲು ನೂರಕ್ಕೆ ಒಂದೂ ಇಲ್ಲದ ಜಿಲ್ಲೆ ಇದು. ಕೆಲ ವರ್ಷಗಳ ಹಿಂದೆ ತಾಜ್ ಬಾವಡಿಯೂ ಸೇರಿ ಹಲವು ಬಾವಡಿಗಳ ಹೂಳು ತೆಗೆದಾಗ ಅವುಗಳಲ್ಲಿ ಮತ್ತೆ ನೀರು ಕಂಡಿತು. ಹೂಳು ಒಮ್ಮೆ ತೆಗೆದರೆ ಮುಗಿಯುವುದಿಲ್ಲ, ವರ್ಷ ವರ್ಷ ತೆಗೆಸುತ್ತಿರಬೇಕು. ಆದಿಲ್‌ಶಾಹಿಗಳ ನಂತರ ನಿಂತುಹೋದದ್ದು ಆ ಕೆಲಸವೇ. ಈಗ ಸುಲ್ತಾನರಿಲ್ಲ, ಪಾಲಿಕೆ ಇದೆ. ಪಾಲಿಕೆಯನ್ನು ಕೇಳಬೇಕಾದವರು ಇಲ್ಲಿ ವಾಸ ಮಾಡುವವರು, ಮೊನ್ನೆ ಬಂದು ಮನೆ ಮಾಡಿದವರೂ ಸೇರಿ.