ಮಿಲ್ಟ್ರಿ ಮಾವನ ನಿದ್ದೆ: ನೂರು ವರ್ಷದ ಕತೆ

ನಮ್ಮ ಕಡೆ ಹಳ್ಳಿಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರಿಗೆ ಸ್ವಂತ ಹೆಸರು ಉಳಿಯುವುದಿಲ್ಲ. ಅವರು ‘ಮಿಲ್ಟ್ರಿ ಮಾವ’ ಆಗುತ್ತಾರೆ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ಹಾರ ಹಾಕುತ್ತೇವೆ. ಆದರೆ ಹಬ್ಬದ ಪಟಾಕಿಗೆ ಅವರು ಬೆಚ್ಚಿಬಿದ್ದರೆ, ಸಣ್ಣ ಮಾತಿಗೆ ಸಿಡಿದರೆ, ಸಂಜೆಯಾದರೆ ಕುಡಿದರೆ, ‘ಮಿಲ್ಟ್ರಿಯವರೇ ಹಾಗೆ’ ಎಂದು ಸುಮ್ಮನಾಗುತ್ತೇವೆ.

ಇದು ಇಂದು ನಿನ್ನೆಯದಲ್ಲ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಜೋಧ್‌ಪುರದ ಪಡೆಯ ಜೊತೆ ಸೇರಿ, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದಿತು. ಎದುರಿಗೆ ಮಷಿನ್‌ಗನ್, ಫಿರಂಗಿ. ಇವರ ಕೈಯಲ್ಲಿ ಭರ್ಜಿ, ಕತ್ತಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸೈನಿಕನದು. ಗೆದ್ದದ್ದಕ್ಕೆ ಪ್ರತಿಮೆ ಇದೆ, ಸತ್ತವರಿಗೆ ಸ್ಮಾರಕ ಇದೆ. ಬದುಕಿ ಊರಿಗೆ ಬಂದವರ ಮನಸ್ಸಿನ ಬಗ್ಗೆ ಕೇಳುವ ರೂಢಿ ಆಗ ಇರಲಿಲ್ಲ.

ಅದೇ ಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ ‘ಶೆಲ್ ಶಾಕ್’ ಎಂಬ ಪದವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಗಾಯವಿಲ್ಲದಿದ್ದರೂ ಸೈನಿಕರು ನಡುಗುತ್ತಿದ್ದರು, ಮಾತು ಕಳೆದುಕೊಳ್ಳುತ್ತಿದ್ದರು. ಸೇನಾಧಿಕಾರಿಗಳಲ್ಲಿ ಎಷ್ಟೋ ಜನ ಅದನ್ನು ಹೇಡಿತನ ಎಂದುಕೊಂಡರು. ಓಡಿಹೋದರು, ಹೆದರಿದರು ಎಂಬಂಥ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅಂಥ 306 ಜನರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಒತ್ತಾಯವೂ ಸೇರಿ, 1980ರಲ್ಲಿ ‘ಪಿಟಿಎಸ್‌ಡಿ’ ಎಂಬ ಹೆಸರು ಅಲ್ಲಿನ ಮನೋವೈದ್ಯರ ಪಟ್ಟಿಗೆ ಬಂತು. ಅಂದರೆ ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ಗಾಯ. ಕೆಟ್ಟ ಕನಸು, ಬೆಚ್ಚುವುದು, ನೆನಪಿಗೆ ಹೆದರಿ ಜನರಿಂದ ದೂರವಾಗುವುದು ಇದರ ಗುರುತುಗಳು. ದುರ್ಬಲರಿಗೆ ಮಾತ್ರ ಬರುವುದಲ್ಲ, ಯಾರಿಗೂ ಬರಬಹುದು.

ಆದರೆ ಮಿಲ್ಟ್ರಿ ಮಾವನ ಕಷ್ಟವೆಲ್ಲ ಯುದ್ಧದಿಂದಲೇ ಬಂದದ್ದಲ್ಲ. ಸಿಪಾಯಿಯಾಗಿ ಸೇರಿದವರು 15–17 ವರ್ಷ ದುಡಿದು, ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿ. ಬೆಳಿಗ್ಗೆ ಎಬ್ಬಿಸುವ ಕಹಳೆ ಇಲ್ಲ, ಪಕ್ಕದಲ್ಲಿ ಜೊತೆಗಾರರಿಲ್ಲ.

ಈ ಖಾಲಿತನ ಏನೆಂದು ಕಾಗದನಗರಕ್ಕೆ ಗೊತ್ತು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಒಂದು ಊರನ್ನೇ ಸಾಕಿತು. 2015ರ ಹೊತ್ತಿಗೆ ಯಂತ್ರಗಳು ನಿಂತವು. ದುಡಿಯುವ ಶಕ್ತಿ ಇದ್ದಾಗಲೇ ಪಾಳಿ ನಿಂತರೆ ಹೋಗುವುದು ಸಂಬಳ ಒಂದೇ ಅಲ್ಲ. ‘ನಾನು ಯಾರು’ ಎಂಬುದೂ ಹೋಗುತ್ತದೆ. ಕಾರ್ಖಾನೆಯ ಕಾರ್ಮಿಕರಿಗೆ ಪಕ್ಕದ ಮನೆಯವರದ್ದೂ ಅದೇ ಕತೆ. ಸೈನಿಕರ ಜೊತೆಗಾರರು ಮಾತ್ರ ಪಂಜಾಬು, ಕೇರಳ, ಗಢವಾಲ್ ಎಂದು ದೇಶವೆಲ್ಲ ಚದುರಿಹೋಗಿರುತ್ತಾರೆ.

ಇನ್ನು ಮುಂದೆ ಇನ್ನೂ ಚಿಕ್ಕವರು ಮರಳುತ್ತಾರೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ಕಾಯಂ ಆಗುವುದು ಹೆಚ್ಚೆಂದರೆ ನೂರಕ್ಕೆ 25 ಜನ.

ಸಹಾಯದ ಇತಿಹಾಸವೂ ನಮ್ಮ ರಾಜ್ಯದ್ದೇ ಇದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅದರ ಜೊತೆ 1954ರಲ್ಲಿ ಶುರುವಾದ ಅಖಿಲ ಭಾರತ ಸಂಸ್ಥೆ 1974ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಅವರೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಲ್ಲರು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ತೋರಿಸಿತು. ಆ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಚಿಕಿತ್ಸೆಯ ಜೊತೆಗೆ ಬರಹ, ಸಿನಿಮಾಗಳ ಮೂಲಕವೂ ಮನಸ್ಸಿನ ಕಾಯಿಲೆಯ ಬಗ್ಗೆ ಜನರಿಗೆ ತಿಳಿಹೇಳಿದರು.

ಈಗ ಫೋನಿನಲ್ಲೇ ಸಹಾಯ ಸಿಗುತ್ತದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ ಮತ್ತು ಅವರ ಮನೆಯವರಿಗೆ 2003ರಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆಯೂ ಇದೆ. ಸಕ್ಕರೆ ಕಾಯಿಲೆಗೆ ಡಾಕ್ಟರ ಹತ್ತಿರ ಹೋದ ಹಾಗೆಯೇ ನಿದ್ದೆ ಬಾರದಿದ್ದರೂ ಹೋಗಬಹುದು. ಅದರಿಂದ ಮೆಡಲಿನ ಹೊಳಪು ಕಡಿಮೆಯಾಗುವುದಿಲ್ಲ.

ಉಳಿದದ್ದು ನಮ್ಮ ಕೆಲಸ. ಅರಳಿಕಟ್ಟೆಯಲ್ಲಿ ಮಿಲ್ಟ್ರಿ ಮಾವ ಸಿಕ್ಕರೆ ‘ಎಷ್ಟು ಜನರನ್ನು ಹೊಡೆದ್ರಿ?’ ಎಂದು ಕೇಳಬೇಡಿ. ‘ಊಟ ಆಯ್ತಾ ಮಾವ, ರಾತ್ರಿ ನಿದ್ದೆ ಬಂತಾ?’ ಎಂದು ಕೇಳಿ. ಆಮೇಲೆ ಸ್ವಲ್ಪ ಹೊತ್ತು ಜೊತೆಗೆ ಕೂತುಕೊಳ್ಳಿ.