ಡೆವಲಪರ್ ಶುಲ್ಕ: ಪುಸ್ತಕದ ಬೆಲೆಯಿಂದ ಬಾಗಿಲ ಸುಂಕದವರೆಗೆ

ನಮ್ಮ ಬಳಗದ ಗೆಳೆಯರೊಬ್ಬರ ತಮ್ಮ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಕಳೆದ ರಜೆಯಲ್ಲಿ ಮಳೆ ಹಿಡಿದು ಕೂತಿದ್ದಾಗ ಒಂದು ಸಣ್ಣ ಆ್ಯಪ್ ಮಾಡಿದ. ನಮ್ಮ ಕಡೆಯ ಹಳ್ಳಿಗಳಿಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಕೊನೆಯ ಬಸ್ಸು ತಪ್ಪಿದರೆ ಬೇರೆ ಯಾವ ದಾರಿಯಲ್ಲಿ ಎಲ್ಲಿಯವರೆಗೆ ಬರಬಹುದು ಎಂದು ಅದು ಹೇಳುತ್ತದೆ. ಮಾಡಿ ಮುಗಿಸಿದ ಮೇಲೆ ನಿಜವಾದ ಲೆಕ್ಕ ಶುರುವಾಯಿತು. ಐಫೋನಿನವರಿಗೆ ಅದನ್ನು ತಲುಪಿಸಬೇಕಾದರೆ ಆ್ಯಪಲ್ ಕಂಪನಿಯ ಡೆವಲಪರ್ ಪ್ರೋಗ್ರಾಮ್‌ಗೆ ಸೇರಬೇಕು. ಅದಕ್ಕೆ ವರ್ಷಕ್ಕೆ 99 ಡಾಲರ್, ನಮ್ಮ ರೂಪಾಯಿಯಲ್ಲಿ ಎಂಟು ಸಾವಿರದ ಮೇಲೆ. ಅವರ ಮನೆಯಲ್ಲಿ ಅಷ್ಟು ದುಡ್ಡು ಕೈಗೆ ಸಿಗುವಂತಿರುವುದು ಅಮ್ಮ ಡೈರಿಗೆ ಹಾಲು ಹಾಕಿದ ಖಾತೆಯಲ್ಲಿ ಮಾತ್ರ.

"ಅಣ್ಣ, ದುಡ್ಡು ಕಟ್ಟಿದ್ರೆ ಏನು ಸಿಗ್ತದೆ? ಕಟ್ಟುವುದಾ, ಬೇಡ್ವಾ?" ಎಂದು ಅವನು ನಮ್ಮನ್ನು ಕೇಳಿದ.

ನಾವು ಕೋಡ್ ಬರೆಯುವವರಲ್ಲ, ವರದಿ ಬರೆಯುವವರು. ಹಾಗಾಗಿ ನಮಗೆ ತಿಳಿದ ದಾರಿಯನ್ನೇ ಹಿಡಿದೆವು. ಈ ಶುಲ್ಕ ಎಂಬುದು ಎಲ್ಲಿಂದ ಬಂತು, ಹಿಂದೆ ಅದನ್ನು ಕಟ್ಟಿದವರಿಗೆ ಏನು ಸಿಗುತ್ತಿತ್ತು ಎಂದು ಹುಡುಕಿದೆವು.

ಮೊದಲು ಎಲ್ಲವೂ ಪೆಟ್ಟಿಗೆಯಲ್ಲೇ ಇತ್ತು

ಕತೆ ಶುರುವಾಗುವುದು 1977ರಲ್ಲಿ ಬಂದ ಆ್ಯಪಲ್ 2 ಕಂಪ್ಯೂಟರಿನಿಂದ. ಮರುವರ್ಷ ಬಂದ ಅದರ ಕೈಪಿಡಿಯಲ್ಲಿ ಯಂತ್ರದ ಸರ್ಕ್ಯೂಟ್ ನಕ್ಷೆಯಿತ್ತು. ಒಳಗಿನ ಮಾನಿಟರ್ ಪ್ರೋಗ್ರಾಮಿನ ಸಾಲುಗಳೂ ಅಚ್ಚಾಗಿದ್ದವು. ಕಂಪ್ಯೂಟರ್ ಕೊಂಡವನಿಗೆಲ್ಲ ಅದರ ಗುಟ್ಟು ಗೊತ್ತಾಗುತ್ತಿತ್ತು. ಬಳಸುವವನು ಬೇರೆ, ಡೆವಲಪರ್ ಬೇರೆ ಎಂಬ ಭೇದವೇ ಹೆಚ್ಚಿರಲಿಲ್ಲ.

ಏಳು ವರ್ಷ ಕಳೆಯುವಷ್ಟರಲ್ಲಿ ಅದೇ ಕಂಪನಿಯ ರೀತಿ ಬದಲಾಯಿತು. 1984ರ ಜನವರಿಯಲ್ಲಿ ಮ್ಯಾಕಿಂಟೋಷ್ ಬಂದಾಗ ಅದರ ಬೆಲೆ 2,495 ಡಾಲರ್. ಆದರೆ ಅದಕ್ಕೆ ಸರಿಯಾದ ತಂತ್ರಾಂಶ ಬರೆಯಬೇಕಾದರೆ ಆರಂಭದ ದಿನಗಳಲ್ಲಿ ಲೀಸಾ ಎಂಬ ಇನ್ನೊಂದು ಕಂಪ್ಯೂಟರ್ ಬೇಕಿತ್ತು. 1983ರಲ್ಲಿ ಲೀಸಾ ಮಾರುಕಟ್ಟೆಗೆ ಬಂದದ್ದು 9,995 ಡಾಲರಿಗೆ. ಮರುವರ್ಷ ಬೆಲೆ ಇಳಿದರೂ ಅದು ಮ್ಯಾಕಿಗಿಂತ ದುಬಾರಿಯೇ ಆಗಿತ್ತು. ಕೈಪಿಡಿಯೂ ಮೊದಲು ಬಿಡಿ ಹಾಳೆಗಳ ಕಟ್ಟಾಗಿ ಡೆವಲಪರ್‌ಗಳ ಕೈ ಸೇರಿತು. 'ಇನ್‌ಸೈಡ್ ಮ್ಯಾಕಿಂಟೋಷ್' ಎಂಬ ಹೆಸರಿನಲ್ಲಿ ಪುಸ್ತಕವಾಗಿ ಅಂಗಡಿಗೆ ಬಂದದ್ದು 1985ರಲ್ಲಿ.

ಇಷ್ಟೆಲ್ಲ ಬಿಗಿಯಿದ್ದರೂ ಆಗ ಅವಸರವಿದ್ದದ್ದು ಕಂಪನಿಗೇ. ತಂತ್ರಾಂಶವಿಲ್ಲದ ಕಂಪ್ಯೂಟರನ್ನು ಯಾರು ಕೊಳ್ಳುತ್ತಾರೆ? ಡೆವಲಪರ್‌ಗಳ ಮನವೊಲಿಸಲಿಕ್ಕೆಂದೇ ಆ್ಯಪಲ್ ಜನರನ್ನು ನೇಮಿಸಿ, ಅವರಿಗೆ 'ಇವಾಂಜೆಲಿಸ್ಟ್' ಎಂಬ ಹುದ್ದೆ ಕೊಟ್ಟಿತು. ಗೈ ಕಾವಾಸಾಕಿ ಹೆಸರು ಮಾಡಿದ್ದು ಈ ಕೆಲಸದಿಂದಲೇ.

ಇದೇ ಹೊತ್ತಿಗೆ, 1983ರಲ್ಲಿ, ಬೋರ್ಲ್ಯಾಂಡ್ ಎಂಬ ಸಣ್ಣ ಕಂಪನಿ ಟರ್ಬೋ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಉಪಕರಣವನ್ನು 49.95 ಡಾಲರಿಗೆ ಅಂಚೆಯಲ್ಲಿ ಮಾರಿತು. ಇಂಥ ಉಪಕರಣಗಳಿಗೆ ಆಗ ನೂರಾರು ಡಾಲರ್ ಬೆಲೆಯಿತ್ತು. ಜನ ಮುಗಿಬಿದ್ದು ಕೊಂಡರು. ಕಲಿಯುವ ಸಾಮಗ್ರಿ ಅಗ್ಗವಾದರೆ ಕಲಿಯುವವರು ತಾವಾಗಿಯೇ ಹುಟ್ಟುತ್ತಾರೆ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಸಿಡಿ ಕಟ್ಟಿನ ಕಾಲ

1992ರಲ್ಲಿ ಮೈಕ್ರೋಸಾಫ್ಟ್ 'ಎಂಎಸ್‌ಡಿಎನ್' ಎಂಬ ಚಂದಾ ಯೋಜನೆ ಶುರುಮಾಡಿತು. ಪತ್ರಿಕೆಗೆ ಚಂದಾ ಕಟ್ಟಿದ ಹಾಗೆಯೇ. ದುಡ್ಡು ಕೊಟ್ಟವರಿಗೆ ಮೂರು ತಿಂಗಳಿಗೊಮ್ಮೆ ಸಿಡಿ ಬರುತ್ತಿತ್ತು. ಅದರಲ್ಲಿ ತಾಂತ್ರಿಕ ವಿವರಗಳು, ಮಾದರಿ ಕೋಡ್, ದೋಷಗಳ ಪಟ್ಟಿ. ಹೆಚ್ಚು ಕಟ್ಟಿದವರಿಗೆ ಹೆಚ್ಚು ತಂತ್ರಾಂಶ. ಇಂಟರ್‌ನೆಟ್ ಮನೆಮನೆಗೆ ಬಂದಿರದ ಕಾಲದಲ್ಲಿ ಆ ಸಿಡಿಗೆ ನಿಜವಾದ ಬೆಲೆಯಿತ್ತು. ಅದು ಇಲ್ಲದವನಿಗೆ ಕೆಲಸವೇ ಮುಂದೆ ಸಾಗದ ಸಂದರ್ಭಗಳಿದ್ದವು.

ಆ್ಯಪಲ್ ಕೂಡ ಇಂಥದೇ ಸದಸ್ಯತ್ವ ನಡೆಸುತ್ತಿತ್ತು. 2000ದ ದಶಕದಲ್ಲಿ ಅದರ 'ಸೆಲೆಕ್ಟ್' ಸದಸ್ಯತ್ವಕ್ಕೆ ವರ್ಷಕ್ಕೆ ಸುಮಾರು 500 ಡಾಲರ್, 'ಪ್ರೀಮಿಯರ್' ಸದಸ್ಯತ್ವಕ್ಕೆ ಸುಮಾರು 3,500 ಡಾಲರ್. ಹೊಸ ಆವೃತ್ತಿಗಳು ಮುಂಚಿತವಾಗಿ ಸಿಗುತ್ತಿದ್ದವು. ಕೋಡ್ ಕೈಕೊಟ್ಟಾಗ ಕಂಪನಿಯ ಎಂಜಿನಿಯರ್ ಉತ್ತರಿಸುತ್ತಿದ್ದರು. ಕಂಪ್ಯೂಟರ್ ಕೊಳ್ಳಲು ರಿಯಾಯಿತಿಯಿತ್ತು. ದುಬಾರಿ ಮ್ಯಾಕ್ ಒಂದನ್ನು ಕೊಂಡರೆ ರಿಯಾಯಿತಿಯಲ್ಲೇ ಚಂದಾ ಹಣ ಹುಟ್ಟುತ್ತದೆ ಎಂದು ಲೆಕ್ಕ ಹಾಕಿ ಸೇರಿದವರೂ ಇದ್ದರು. ಅಂದರೆ ಆ ಕಾಲದಲ್ಲಿ "ಸೇರಬೇಕಾ?" ಎಂಬ ಪ್ರಶ್ನೆಗೆ ಕಾಗದ, ಪೆನ್ನು ಹಿಡಿದು ಉತ್ತರ ಹುಡುಕಬಹುದಿತ್ತು. ಕೊಟ್ಟದ್ದೆಷ್ಟು, ಬಂದದ್ದೆಷ್ಟು ಎಂದು ಕೂಡಿ ಕಳೆದರೆ ಸಾಕಿತ್ತು.

ಸೇರದವರಿಗೂ ಆಗ ದಾರಿ ಮುಚ್ಚಿರಲಿಲ್ಲ. ನಮ್ಮ ಕನ್ನಡದ್ದೇ ಉದಾಹರಣೆ ನೋಡಿ. ಶೇಷಾದ್ರಿ ವಾಸು ಅವರು ಅಮೆರಿಕದಲ್ಲಿದ್ದುಕೊಂಡು 'ಬರಹ' ತಂತ್ರಾಂಶ ರೂಪಿಸಿ 1998ರಲ್ಲಿ ಉಚಿತವಾಗಿ ಹಂಚಿದರು. ಕನ್ನಡಿಗರು ಅದನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡರು, ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ವಿಂಡೋಸ್ ಮೇಲೆ ನಡೆಯುವ ತಂತ್ರಾಂಶವಾದರೂ ಅದನ್ನು ಹಂಚಲು ಮೈಕ್ರೋಸಾಫ್ಟಿನ ಒಪ್ಪಿಗೆ ಬೇಕಿರಲಿಲ್ಲ. ಚಂದಾ ಕಟ್ಟಿದರೆ ಸಹಾಯ ಸಿಗುತ್ತಿತ್ತು. ಕಟ್ಟದಿದ್ದರೆ ಯಾರೂ ತಡೆಯುತ್ತಿರಲಿಲ್ಲ.

ಬಾಗಿಲು ಬಂತು

ತಡೆಯುವ ಪದ್ಧತಿ ಹುಟ್ಟಿದ್ದು ಆಟದ ಯಂತ್ರಗಳಲ್ಲಿ. 1985ರಲ್ಲಿ ನಿಂಟೆಂಡೋ ಅಮೆರಿಕದಲ್ಲಿ ಮಾರಿದ ಯಂತ್ರದೊಳಗೆ ಒಂದು ಬೀಗದ ಚಿಪ್ ಇತ್ತು. ಕಂಪನಿಯ ಪರವಾನಗಿ ಪಡೆದ ಆಟದ ಕ್ಯಾಸೆಟ್ಟಿನಲ್ಲಿ ಅದಕ್ಕೆ ಹೊಂದುವ ಚಿಪ್ ಇರುತ್ತಿತ್ತು. ಅದಿಲ್ಲದ ಕ್ಯಾಸೆಟ್ ಹಾಕಿದರೆ ಯಂತ್ರ ಓಡುತ್ತಿರಲಿಲ್ಲ. ಒಂದು ಕಂಪನಿ ವರ್ಷಕ್ಕೆ ಎಷ್ಟು ಆಟ ತರಬಹುದು ಎಂಬುದನ್ನೂ ನಿಂಟೆಂಡೋವೇ ಹೇಳುತ್ತಿತ್ತು.

ಇದೇ ಪದ್ಧತಿ ಎರಡು ದಶಕಗಳ ನಂತರ ನಮ್ಮ ಜೇಬಿಗೆ ಬಂತು. 2007ರಲ್ಲಿ ಐಫೋನ್ ಬಂದಾಗ ಹೊರಗಿನವರಿಗೆ ಆ್ಯಪ್ ಮಾಡಲು ಅವಕಾಶವೇ ಇರಲಿಲ್ಲ, ವೆಬ್ ಪುಟ ಮಾಡಿ ಎಂದಿದ್ದರು. ಡೆವಲಪರ್‌ಗಳ ಒತ್ತಾಯ ಹೆಚ್ಚಿ, 2008ರ ಮಾರ್ಚ್‌ನಲ್ಲಿ ಉಪಕರಣಗಳು ಬಂದವು. ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು. 99 ಡಾಲರ್ ಶುರುವಾದದ್ದು ಆಗಲೇ. ಜೊತೆಗೆ ಮಾರಾಟದಲ್ಲಿ ಶೇ. 30 ಪಾಲು.

500 ಡಾಲರಿನ ಮುಂದೆ 99 ಅಗ್ಗವೆಂದು ಕಂಡಿತು. ಆದರೆ ಅಲ್ಲಿ ಕೊಳ್ಳುವ ಸರಕೇ ಬದಲಾಗಿತ್ತು. ಪ್ರೋಗ್ರಾಮಿಂಗ್ ಉಪಕರಣ ಉಚಿತ, ವಿವರಗಳು ಇಂಟರ್‌ನೆಟ್‌ನಲ್ಲಿ ಉಚಿತ. ದುಡ್ಡು ಕಟ್ಟಬೇಕಾದದ್ದು ತಾನು ಬರೆದ ಆ್ಯಪನ್ನು ಫೋನಿಗೆ ಹಾಕುವ ಅನುಮತಿಗೆ. ಮೊದಲ ವರ್ಷಗಳಲ್ಲಂತೂ ಸ್ವಂತ ಫೋನಿಗೆ ಹಾಕಿ ನೋಡಲೂ ಅದು ಬೇಕಿತ್ತು. 2015ರಿಂದ ಸ್ವಂತ ಫೋನಿನಲ್ಲಿ ಪುಕ್ಕಟೆ ಪರೀಕ್ಷೆಗೆ ದಾರಿಯಾಯಿತು. ಆದರೂ ಹಾಗೆ ಹಾಕಿದ ಆ್ಯಪ್ ಏಳು ದಿನಕ್ಕೆ ನಿಲ್ಲುತ್ತದೆ, ಮತ್ತೆ ಹಾಕಬೇಕು. ವರ್ಷದ ಶುಲ್ಕ ನಿಲ್ಲಿಸಿದರೆ ಸ್ಟೋರಿನಲ್ಲಿರುವ ಆ್ಯಪ್ ಕೂಡ ಹೊಸಬರಿಗೆ ಸಿಗದಂತಾಗುತ್ತದೆ.

ಹಳೆಯ ಸಂತೆಗಳಲ್ಲಿ ಬುಟ್ಟಿ ಇಳಿಸುವ ಮೊದಲೇ ಸುಂಕ ಕೇಳುತ್ತಿದ್ದರು. ಸೊಪ್ಪು ಮಾರಾಟವಾಗುತ್ತದೋ ಬಾಡುತ್ತದೋ, ಅದು ಸುಂಕದವನ ಚಿಂತೆಯಲ್ಲ. ಈ ಶುಲ್ಕವೂ ಹಾಗೆಯೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ನಮಗೆ ಮತ್ತೆ ಮತ್ತೆ ನೆನಪಾಯಿತು. 2020ರ ಆಗಸ್ಟ್‌ನಲ್ಲಿ 'ಫೋರ್ಟ್‌ನೈಟ್' ಆಟದ ಎಪಿಕ್ ಕಂಪನಿ ಆ್ಯಪಲಿನ ಪಾವತಿ ವ್ಯವಸ್ಥೆಯನ್ನು ಬಿಟ್ಟು ತನ್ನದೇ ದಾರಿ ಮಾಡಿಕೊಂಡಾಗ, ಅದೇ ತಿಂಗಳು ಅದರ ಡೆವಲಪರ್ ಖಾತೆ ರದ್ದಾಯಿತು. ಜಗಳ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಎಪಿಕ್ ದೊಡ್ಡ ಕಂಪನಿ, ವಕೀಲರನ್ನಿಟ್ಟು ಹೋರಾಡಿತು. ಒಬ್ಬ ವಿದ್ಯಾರ್ಥಿಯ ಖಾತೆ ರದ್ದಾದರೆ ಅವನು ಯಾರಲ್ಲಿಗೆ ಹೋಗಬೇಕು?

ದುಡ್ಡು ಕೊಟ್ಟರೂ ಸಿಗದ ಕೀಲಿಮಣೆ

ಬಾಗಿಲ ಸುಂಕ ಎಂದರೇನು ಎಂಬುದು ನಮಗೆ ಸರಿಯಾಗಿ ಅರ್ಥವಾದದ್ದು ಕನ್ನಡ ಕೀಲಿಮಣೆಯ ಕತೆಯಿಂದ. ವಿಂಡೋಸಿಗೆ 'ಬರಹ' ಬಂದ ಹಾಗೆ ಐಫೋನಿಗೂ ಯಾರಾದರೂ ಕನ್ನಡಿಗರು ಕೀಲಿಮಣೆ ಮಾಡಬಹುದಿತ್ತಲ್ಲ? 99 ಡಾಲರ್ ಕಟ್ಟಿದವರಿಗೂ ಅದು ಸಾಧ್ಯವಿರಲಿಲ್ಲ. ಸಂದೇಶ, ಇಮೇಲ್, ಫೇಸ್‌ಬುಕ್ ಹೀಗೆ ಎಲ್ಲ ಕಡೆ ಕೆಲಸ ಮಾಡುವ ಕೀಲಿಮಣೆಯನ್ನು ಹೊರಗಿನವರು ಮಾಡಿ ಸ್ಟೋರಿಗೆ ಕೊಡಲು ಆ್ಯಪಲ್ ಅವಕಾಶ ಕೊಟ್ಟದ್ದು 2014ರ ಐಒಎಸ್ 8ರಲ್ಲಿ. ಆ್ಯಪಲ್ ತಾನೇ ಕನ್ನಡ ಕೀಲಿಮಣೆ ಸೇರಿಸಿದ್ದು 2017ರ ಐಒಎಸ್ 11ರಲ್ಲಿ. ಸ್ಟೋರ್ ತೆರೆದ ಮೇಲೂ ಆರು ವರ್ಷ, ಮಾಡಬಲ್ಲವರಿದ್ದರೂ ಬೇಕೆನ್ನುವವರಿದ್ದರೂ ಕೆಲಸ ಆಗಲಿಲ್ಲ. ಸದಸ್ಯತ್ವದ ದುಡ್ಡಿಗೆ ಒಳಗೆ ಕಾಲಿಡಬಹುದು, ಒಳಗಿನ ಯಾವ ಕೋಣೆ ತೆರೆದಿರಬೇಕು ಎಂದು ಹೇಳುವ ಹಕ್ಕು ಬರುವುದಿಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ಆ ದುಡ್ಡಿಗೆ ಒಂದು ವ್ಯವಸ್ಥೆ ಸಿಗುತ್ತದೆ. ಜಗತ್ತಿನ ಮೂಲೆಯಲ್ಲಿರುವವರಿಂದಲೂ ಹಣ ವಸೂಲಿ ಮಾಡಿ ಖಾತೆಗೆ ಹಾಕುತ್ತಾರೆ. ಪರಿಶೀಲನೆ ಇರುವುದರಿಂದ ಬಳಸುವವರಿಗೆ ನಂಬಿಕೆ. 2017ರಲ್ಲಿ ಬೆಂಗಳೂರಿನಲ್ಲಿ ಆ್ಯಪಲ್ ತೆರೆದ ಕೇಂದ್ರದಲ್ಲಿ ಡೆವಲಪರ್‌ಗಳು ಕಂಪನಿಯ ಪರಿಣತರ ಜೊತೆ ಕೂತು ತಮ್ಮ ಆ್ಯಪ್ ತಿದ್ದಿಕೊಳ್ಳುವ ಅವಕಾಶವಾಯಿತು. 2021ರಿಂದ, ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಆದಾಯವಿರುವವರು ಅರ್ಜಿ ಹಾಕಿದರೆ ಆ್ಯಪಲಿನ ಪಾಲು ಶೇ. 15ಕ್ಕೆ ಇಳಿಯುತ್ತದೆ. ಆ್ಯಪಿನಿಂದಲೇ ಬದುಕುವವನಿಗೆ ಇವೆಲ್ಲ ಸಣ್ಣ ವಿಷಯಗಳಲ್ಲ.

ಬಾಗಿಲು ತೆರೆದಿತ್ತು, ಸಂತೆ ಇರಲಿಲ್ಲ

2010ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಫೋನ್ ತಂದಾಗ ಅದೂ ವರ್ಷಕ್ಕೆ 99 ಡಾಲರ್ ಕೇಳಿತು. ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಟ್ಟಿತು. ಮುಂದೆ ಶುಲ್ಕ ಇಳಿಸಿ, ಒಮ್ಮೆ 19 ಡಾಲರ್ ಕಟ್ಟಿದರೆ ಸಾಕು ಎಂದಿತು. ಆದರೆ ಕೊಳ್ಳುವವರೇ ಬರಲಿಲ್ಲ. 2020ರ ಜನವರಿ ಹೊತ್ತಿಗೆ ಆ ಫೋನುಗಳಿಗೆ ಬೆಂಬಲವೂ ಮುಗಿಯಿತು. ಕಲಿತವರ ಶ್ರಮ ಹೋಯಿತು. 2025ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಸ್ಟೋರಿಗೆ ಸೇರುವ ಒಂಟಿ ಡೆವಲಪರ್‌ಗಳ ಶುಲ್ಕವನ್ನೇ ತೆಗೆದುಹಾಕಿದೆ.

ಇಷ್ಟು ವರ್ಷಗಳ ಕತೆಯಲ್ಲಿ ನಮಗೆ ಕಂಡ ಸೂತ್ರ ಇದು: ಡೆವಲಪರ್ ಬೇಕೆಂದು ಕಂಪನಿಗೆ ಅನಿಸಿದಾಗ ಶುಲ್ಕ ಇಳಿಯುತ್ತದೆ. ಗಿರಾಕಿಗಳೆಲ್ಲ ಕಂಪನಿಯ ಅಂಗಳದಲ್ಲಿದ್ದಾರೆ ಎಂದಾದಾಗ ಶುಲ್ಕ ಗಟ್ಟಿಯಾಗಿ ನಿಲ್ಲುತ್ತದೆ. ಮೊದಲ ಕಾಲದಲ್ಲಿ ಶುಲ್ಕ ಕೊಟ್ಟು ವಿದ್ಯೆ ಪಡೆಯುತ್ತಿದ್ದರು. ಈಗ ವಿದ್ಯೆ ಪುಕ್ಕಟೆ, ದುಡ್ಡು ಬಾಗಿಲಿಗೆ. ಆದ್ದರಿಂದ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ನಮ್ಮ ಜನ ಆ ಬಾಗಿಲ ಆಚೆ ಇದ್ದಾರೋ ಇಲ್ಲವೋ?

ನಾವು ಏನು ಹೇಳಿದೆವು

ಹುಡುಗನನ್ನು ಕೂರಿಸಿಕೊಂಡು ಇದನ್ನೇ ಕೇಳಿದೆವು. ಕೊನೆಯ ಬಸ್ಸಿಗೆ ಕಾಯುವವರು ಯಾರು? ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು, ಕಾಲೇಜಿನವರು, ಆಸ್ಪತ್ರೆಗೆ ಬಂದು ಹೋಗುವ ಹಿರಿಯರು. ಅವರಲ್ಲಿ ಐಫೋನ್ ಎಷ್ಟು ಜನರ ಕೈಯಲ್ಲಿದೆ? ಅವನು ನಕ್ಕ. "ನಮ್ಮ ಸ್ಟಾಪಿನಲ್ಲಿ ಒಬ್ಬರದ್ದೂ ಇಲ್ಲ ಅಣ್ಣ" ಎಂದ.

ಹಾಗಾದರೆ ಮೊದಲು ಒಂದು ವೆಬ್ ಪುಟ ಮಾಡು ಎಂದೆವು. 2007ರಲ್ಲಿ ಆ್ಯಪಲ್ ಹೇಳಿದ ಮಾತೇ ಅದು. ಆಗ ಡೆವಲಪರ್‌ಗಳಿಗೆ ಬೇಸರ ತಂದಿತ್ತು, ಬಸ್ಸಿನ ವೇಳಾಪಟ್ಟಿಗೆ ಇವತ್ತು ಅಷ್ಟೇ ಸಾಕು. ಯಾವ ಫೋನಿನಲ್ಲೂ ತೆರೆಯುತ್ತದೆ, ಯಾರ ಅಪ್ಪಣೆಯೂ ಬೇಡ. ಆಮೇಲೆ ಗೂಗಲ್ ಪ್ಲೇ. 2008ರಿಂದಲೂ ಅಲ್ಲಿ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು, ಪ್ರತಿವರ್ಷದ ತಲೆನೋವಿಲ್ಲ. ಅಲ್ಲೂ ಈಗ ಬಾಗಿಲು ಬಿಗಿಯಾಗುತ್ತಿದೆ. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಆ್ಯಪ್ ಬಿಡುಗಡೆಗೆ ಮೊದಲು 20 ಜನ, 14 ದಿನ ಬಿಡದೆ ಪರೀಕ್ಷಕರಾಗಿರಬೇಕು ಎಂದರು. ಮರುವರ್ಷ ಆ ಸಂಖ್ಯೆಯನ್ನು 12ಕ್ಕೆ ಇಳಿಸಿದರು.

ಆ ಹನ್ನೆರಡು ಜನರನ್ನು ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು. ನಾವು ಐದು ಜನ, ಇಬ್ಬರು ಕಂಡಕ್ಟರುಗಳು, ಬಸ್‌ಸ್ಟ್ಯಾಂಡ್ ಹೋಟೆಲಿನವರು, ಅವನ ಮೂವರು ಸಹಪಾಠಿಗಳು. ಹನ್ನೆರಡನೆಯವರು ಅವನ ಅಮ್ಮ. ಕಂಡಕ್ಟರೊಬ್ಬರು ಎರಡನೇ ದಿನವೇ ಎರಡು ಬಸ್ಸಿನ ಸಮಯ ತಪ್ಪಿದೆ ಎಂದು ತೋರಿಸಿಕೊಟ್ಟರು. ಯಾವ ಕಂಪನಿಯ ಸದಸ್ಯತ್ವದಲ್ಲೂ ಆ ಮಾಹಿತಿ ಸಿಗುತ್ತಿರಲಿಲ್ಲ.

ಹಾಲಿನ ದುಡ್ಡಿನಲ್ಲಿ ಎರಡು ಸಾವಿರ ಚಿಲ್ಲರೆ ಹೋಯಿತು, ಉಳಿದದ್ದು ಖಾತೆಯಲ್ಲೇ ಇದೆ. ಮುಂದೆ ಐಫೋನಿನವರು ಯಾರಾದರೂ ಸ್ಟಾಪಿನಲ್ಲಿ ನಿಂತು ಆ್ಯಪ್ ಕೇಳಿದರೆ ಅವರಿಗೆ ಸದ್ಯ ವೆಬ್ ಪುಟ ತೋರಿಸುವುದೆಂದು ಹುಡುಗ ತೀರ್ಮಾನಿಸಿದ್ದಾನೆ. ಹಾಗೆ ಕೇಳುವವರು ನೂರು ಜನ ಆದಾಗ 99 ಡಾಲರಿನ ಲೆಕ್ಕಕ್ಕೆ ಮತ್ತೆ ಕೂರೋಣ ಎಂದಿದ್ದೇವೆ.