ಕಡತವೂ ಗಣಕದ ಉಗ್ರಾಣವೂ

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲೆಯ ಹಾಲು ಒಕ್ಕೂಟದ ಡೇರಿಯಿರುವುದು ಸರ್ವವಿದಿತ. ಹಳ್ಳಿಯ ಸಂಘಗಳಲ್ಲಿ ಬೆಳಗೂ ಸಂಜೆಯೂ ಅಳೆಯುವ ಹಾಲಿನ ಪ್ರಮಾಣವನ್ನೂ ಜಿಡ್ಡಿನಂಶವನ್ನೂ ಅನುಸರಿಸಿ ಉತ್ಪಾದಕನಿಗೆ ಹಣವು ಸಲ್ಲುತ್ತದೆ. ಹಳೆಯ ಗಣಕವೊಂದು ಇಂತಹ ಅಳತೆಯನ್ನು ಬರೆದುಕೊಂಡು ದೂರದ ಕಚೇರಿಗೆ ಕಳುಹಿಸುವ ಪಕ್ಷದಲ್ಲಿ, ನಡುವೆ ವಿದ್ಯುತ್ತು ನಿಂತರೆ ಆ ಲೆಕ್ಕದ ಗತಿಯೇನು? ನಡುವಣ ಕಾಲದಲ್ಲಿ ಲೆಕ್ಕವು ತಂಗುವ ಸ್ಥಾನವನ್ನು ಯಾವ ಗುಣವನ್ನು ನೋಡಿ ಆರಿಸಬೇಕೆಂಬುದು ವಿಚಾರಾರ್ಹವಾಗಿದೆ.

ಪ್ರಶ್ನೆಯು ನೂತನವಾದುದಲ್ಲ. ಕನ್ನಡನಾಡಿನಲ್ಲಿ ಹಿಂದೆ ಲೆಕ್ಕಪತ್ರಗಳಿಗೆ ಬಳಕೆಯಲ್ಲಿದ್ದ ಕಡತವೆಂದರೆ ಗಂಜಿಯನ್ನೂ ಇದ್ದಲಿನ ಪುಡಿಯನ್ನೂ ಲೇಪಿಸಿ ಮಡಿಸಿದ ಬಟ್ಟೆ. ಬಳಪದಿಂದ ಬರೆದುದನ್ನು ಅಳಿಸಿ ಪುನಃ ಬರೆಯಬಹುದಾಗಿತ್ತು. 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಮೊದಲ ಸಂಪುಟದಲ್ಲಿ ಮಾರ್ಕ್ ವಿಲ್ಕ್ಸನು ಇದನ್ನು ವರ್ಣಿಸಿದ್ದಾನೆ. ಅಳಿಸುವ ಸೌಕರ್ಯವೇ ಅದರ ಗುಣ, ಅದೇ ದೋಷ. ಹಳೆಯದನ್ನು ಒರಸಿ ಹೊಸದನ್ನು ಬರೆಯುವುದರೊಳಗೆ ಕೈ ನಿಂತರೆ ಎರಡೂ ಇಲ್ಲ.

ಗಣಕಗಳಲ್ಲಿಯೂ ಇದೇ ದೋಷವು ತಲೆದೋರಿತು. 1979ರಲ್ಲಿ ಯೂನಿಕ್ಸಿನೊಡನೆ ಬಂದ, ಕೆನ್ ಥಾಮ್ಸನ್ನನ ಡಿಬಿಎಂ ದಾಖಲೆಯನ್ನು ಶೀಘ್ರವಾಗಿ ಹುಡುಕಿಕೊಡುತ್ತಿತ್ತು. ಆದರೆ ಅರ್ಧದಲ್ಲಿ ನಿಂತ ಬರೆಹವನ್ನು ಪೂರ್ವಸ್ಥಿತಿಗೆ ಮರಳಿಸುವ ಏರ್ಪಾಡು ಅದರಲ್ಲಿರಲಿಲ್ಲ. 2000ದಲ್ಲಿ ಅಮೆರಿಕದ ಯುದ್ಧನೌಕೆಯ ತಂತ್ರಾಂಶದಲ್ಲಿ ನಿರತನಾಗಿದ್ದ ರಿಚರ್ಡ್ ಹಿಪ್ಪನು, ಪ್ರತ್ಯೇಕ ಸರ್ವರ್ ನಿಂತರೂ ಕಾರ್ಯವು ನಿಲ್ಲಬಾರದೆಂದು, ತಂತ್ರಾಂಶದೊಳಗೇ ಅಡಕವಾಗುವ ಎಸ್‌ಕ್ಯೂಲೈಟನ್ನು ರಚಿಸಿದನು. ಅದರ ಮೊದಲ ಆವೃತ್ತಿಯು ಡಿಬಿಎಂ ವಂಶದ ಜಿಡಿಬಿಎಂ ಅನ್ನೇ ಆಶ್ರಯಿಸಿತ್ತು. 2001ರಲ್ಲಿ ಅದನ್ನು ತ್ಯಜಿಸಿ ಸ್ವಂತ ರಚನೆಯನ್ನು ಅಳವಡಿಸಿದ ಮೇಲೆಯೇ, ಬರೆಹವು ಪೂರ್ಣವಾಗಿ ಉಳಿಯಬೇಕು, ಇಲ್ಲವೆ ಮೊದಲಿನ ಸ್ಥಿತಿಯೇ ನಿಲ್ಲಬೇಕು ಎಂಬ ನಿಯಮವು ಸಿದ್ಧಿಸಿತು. 2010ರಲ್ಲಿ, ಹೊಸ ಬರೆಹವನ್ನು ಮೊದಲು ಬೇರೊಂದು ಫೈಲಿನ ಕೊನೆಗೆ ಸೇರಿಸಿ ಅನಂತರ ಮೂಲಕ್ಕೆ ಒಯ್ಯುವ ಕ್ರಮವೂ ಬಂದಿತು.

2011ರಲ್ಲಿ ಹೋವರ್ಡ್ ಚೂ ರಚಿಸಿದ ಎಲ್‌ಎಂಡಿಬಿಯು ಓದುವುದರಲ್ಲಿ ಅತಿವೇಗವಾದುದು. ಆದರೆ ಅದು ಸಮಸ್ತ ಫೈಲನ್ನೂ ಸ್ಮೃತಿಯ ವಿಳಾಸಗಳಿಗೆ ಹೊಂದಿಸುವುದರಿಂದ, ಒಟ್ಟು 4 ಗಿಗಾಬೈಟಿನಷ್ಟೇ ವಿಳಾಸವುಳ್ಳ 32 ಬಿಟ್ಟಿನ ಹಳೆಯ ಯಂತ್ರದಲ್ಲಿ ಬೆಳೆಯಲಾರದು. ಒಂದು ಹಳ್ಳಿಯ ದಿನದ ಲೆಕ್ಕವಾದರೋ ಅತ್ಯಲ್ಪ. ಅಲ್ಲಿ ವೇಗವಾಗಲಿ ವಿಸ್ತಾರವಾಗಲಿ ನಿರ್ಣಾಯಕವಲ್ಲ.

ನಿರ್ಣಾಯಕವಾದುವು ಎರಡೇ: ಹಾಲು ಹಾಕಿದವನ ಕೈಗೆ ಚೀಟಿ ಸೇರುವ ಮುನ್ನ ಬರೆಹವು ಡಿಸ್ಕಿಗೆ ಇಳಿದಿರಬೇಕು, ಕಚೇರಿಯ ಸ್ವೀಕೃತಿ ಬರುವವರೆಗೆ ಅದನ್ನು ಅಳಿಸಕೂಡದು. ಎಸ್‌ಕ್ಯೂಲೈಟಿನಲ್ಲಿಯೂ, ಡಿಸ್ಕಿಗೆ ಮುಟ್ಟುವವರೆಗೆ ಕಾಯಬೇಕೆಂದು ವಿಧಿಸದಿದ್ದರೆ, ಕೊನೆಯ ಸಾಲುಗಳು ವಿದ್ಯುತ್ತಿನೊಡನೆ ಹೋಗಬಹುದು. ಆ ಸಾಲು ಒಬ್ಬ ರೈತನ ಒಂದು ಹೊತ್ತಿನ ಹಾಲು.